ತಾಳಿದವರು ಯಾರು, ಬಾಳಿದವರು ಯಾರು?



ನಿಮ್ಮಲ್ಲಿ ಕೆಲವರ ಅಡಿಗೆಕೋಣೆಯಲ್ಲಿ ಓಟ್ಸ್ ಪೊಟ್ಟಣವೊಂದು ಇದ್ದೀತು. ಅದರ ಮೇಲೊಬ್ಬ ಮುದುಕನ ಚಿತ್ರವಿದೆ: ಅಗಲ ಅಂಚಿನ ಟೊಪ್ಪಿಗೆ, ನೆರೆತ ಕೂದಲು, ಯಾರ ಮೇಲೂ ಮುನಿಸಿಲ್ಲದ ನಗುಮುಖ. ಕ್ವೇಕರ್ ಎಂಬ ಹೆಸರಿನ ಆ ಸರಕಿಗೂ ಕ್ವೇಕರ್ ಪಂಥಕ್ಕೂ ಯಾವ ಸಂಬಂಧವೂ ಇಲ್ಲ. ಆ ಪಂಥದವರು ಪ್ರಾಮಾಣಿಕರೆಂಬ ಕೀರ್ತಿಯನ್ನು ನೆಚ್ಚಿ ಅಮೆರಿಕದ ವ್ಯಾಪಾರಿಗಳು 1877ರಲ್ಲಿ ಆ ವೇಷವನ್ನು ತಮ್ಮ ಗುರುತಾಗಿ ನೋಂದಾಯಿಸಿಕೊಂಡರು, ಅಷ್ಟೆ. ಪೊಟ್ಟಣದ ಮೇಲೆ ಚಿತ್ರವಿದ್ದರೆ ನನ್ನ ಆಕ್ಷೇಪವೇನೂ ಇಲ್ಲ. ಅದೇ ಮುದುಕ ನಮ್ಮ ಅಧ್ಯಾತ್ಮದ ಲೇಖನಗಳಲ್ಲಿಯೂ ಧ್ಯಾನಕೂಟಗಳ ಉಪನ್ಯಾಸಗಳಲ್ಲಿಯೂ ಬಂದು ಕುಳಿತಿರುವುದರ ಬಗ್ಗೆ ಮಾತ್ರ ನನಗೆ ಆಕ್ಷೇಪವಿದೆ. ಕ್ವೇಕರರು ಮತ ಎಣಿಸುತ್ತಿರಲಿಲ್ಲ, ಗದ್ದಲ ಮಾಡುತ್ತಿರಲಿಲ್ಲ, ಎಲ್ಲರ ಮನಸ್ಸು ಒಂದಾಗುವವರೆಗೆ ಮೌನವಾಗಿ ಕಾಯುತ್ತಿದ್ದರು. ಅನ್ಯಾಯದ ವಿಷಯದಲ್ಲಿಯೂ ಅವಸರಪಡದೆ ಹಾಗೆಯೇ ಕಾಯುವುದನ್ನು ನಾವು ಕಲಿಯಬೇಕು ಎಂದು ಬೋಧಿಸಲಾಗುತ್ತದೆ. ನಿಧಾನವೇ ಪ್ರಧಾನ, ತಾಳಿದವನು ಬಾಳಿಯಾನು ಎಂದು ಗಾದೆಯನ್ನೂ ಸೇರಿಸಲಾಗುತ್ತದೆ.

ಈ ಬೋಧನೆ ಸುಳ್ಳೆಂದು ನಾನು ಹೇಳುತ್ತೇನೆ. ಅಮೆರಿಕದ ಕಾಡಂಚಿನ ನೆಲೆಗಳಲ್ಲಿ ಬಾಳಿದ ಕ್ವೇಕರರ ಚರಿತ್ರೆಯನ್ನು ಓದಿದವರು ಅದನ್ನು ಒಪ್ಪಲಾರರು. ಅಲ್ಲಿ ತಾಳಿದವರೇ ಬೇರೆ, ಬಾಳಿದವರೇ ಬೇರೆ.

ಮೊದಲು ಈ ಜನರ ಪರಿಚಯ ಅಗತ್ಯ. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನ ಜಾರ್ಜ್ ಫಾಕ್ಸ್ ಎಂಬವರ ಬೋಧನೆಯಿಂದ ಹುಟ್ಟಿದ ಪಂಥವಿದು. ಅದರ ನಿಜನಾಮ ಮಿತ್ರರ ಧಾರ್ಮಿಕ ಸಮಾಜ. ಕ್ವೇಕರ್, ಅಂದರೆ ನಡುಗುವವನು, ಎಂಬುದು ಪರಿಹಾಸಕ್ಕೆ ಅಂಟಿದ ಅಡ್ಡಹೆಸರು. ಪ್ರತಿಯೊಬ್ಬ ಮಾನವನ ಅಂತರಂಗದಲ್ಲಿಯೂ ಕ್ರಿಸ್ತರ ಬೆಳಕಿದೆ, ಮೌನದಲ್ಲಿ ಕಾದಿರುವವರಿಗೆ ಅದು ದಾರಿ ತೋರುತ್ತದೆ ಎಂಬುದು ಅವರ ನಂಬಿಕೆಯ ತಿರುಳು. ಆದ್ದರಿಂದ ಅವರಿಗೆ ಅಭಿಷಿಕ್ತ ಗುರುಗಳಿರಲಿಲ್ಲ, ಬಲಿಪೀಠವಿರಲಿಲ್ಲ, ದೀಕ್ಷಾಸ್ನಾನದ ನೀರಾಗಲಿ ಪರಮಪ್ರಸಾದವಾಗಲಿ ಇರಲಿಲ್ಲ. ಸಂಸ್ಕಾರಗಳನ್ನು ಕೈಬಿಟ್ಟ ಅವರ ನಿಲುವನ್ನು ಕಥೋಲಿಕ ಗುರುವಾದ ನಾನು ಒಪ್ಪಲಾರೆ. ಇಂದಿನ ನನ್ನ ತಕರಾರು ಮಾತ್ರ ಅದಲ್ಲ. ಗುರುಮಠದಲ್ಲಿ ನಾವು ಓದಿದ ಧರ್ಮಸಭೆಯ ಚರಿತ್ರೆಯಲ್ಲಿ ಇವರಿಗೆ ದೊರೆತದ್ದು ಅರ್ಧ ಪುಟ. ಅವರು ಪಟ್ಟ ಪಾಡಿಗೆ ಅದು ತೀರ ಕಡಿಮೆಯಾಯಿತು. ಬಾಸ್ಟನ್ ನಗರದಲ್ಲಿ 1659ರಿಂದ 1661ರೊಳಗೆ ನಾಲ್ವರು ಕ್ವೇಕರರನ್ನು ಗಲ್ಲಿಗೇರಿಸಲಾಯಿತು. ಅವರಲ್ಲಿ ಒಬ್ಬರು ಮೇರಿ ಡಯರ್ ಎಂಬ ತಾಯಿ. 1681ರಲ್ಲಿ ಇಂಗ್ಲೆಂಡಿನ ದೊರೆಯಿಂದ ವಿಲಿಯಂ ಪೆನ್ ಎಂಬ ಕ್ವೇಕರ್ ಪೆನ್ಸಿಲ್ವೇನಿಯಾದ ಸನದನ್ನು ಪಡೆದ ಮೇಲೆಯೇ ಅವರಿಗೆ ಆ ಖಂಡದಲ್ಲಿ ತಮ್ಮದೆನ್ನುವ ದೊಡ್ಡ ನೆಲೆ ಸಿಕ್ಕಿದ್ದು.

ಅಲ್ಲಿಂದ ಅವರು ಪೀಳಿಗೆಯಿಂದ ಪೀಳಿಗೆಗೆ ಕಾಡು ಕಡಿಯುತ್ತ ತೆಂಕಣಕ್ಕೂ ಪಡುವಣಕ್ಕೂ ಸರಿದರು. ಮರದ ದಿಮ್ಮಿಗಳನ್ನು ಜೋಡಿಸಿ ಮನೆ ಕಟ್ಟಿದ ಬೆನ್ನಿಗೇ ಅದೇ ದಿಮ್ಮಿಗಳಿಂದ ಸಭಾಗೃಹವೂ ಏಳುತ್ತಿತ್ತು. ಒಳಗೆ ಚಿತ್ರವಿಲ್ಲ, ಗಂಟೆಯಿಲ್ಲ, ವಾದ್ಯವಿಲ್ಲ, ಬರಿಯ ಬೆಂಚುಗಳು. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಯಾರಿಗಾದರೂ ಪವಿತ್ರಾತ್ಮರ ಪ್ರೇರಣೆಯಾದರೆ ಎದ್ದು ಮಾತನಾಡುವರು, ಅದು ಹೆಂಗಸಾದರೂ ಸರಿಯೇ. ಆಗದಿದ್ದರೆ ಸಭೆ ಮೌನದಲ್ಲಿ ಮುಗಿಯುವುದು. ಅವರು ಆಣೆಯಿಡುತ್ತಿರಲಿಲ್ಲ, ಯಾರೆದುರೂ ಟೊಪ್ಪಿಗೆ ತೆಗೆಯುತ್ತಿರಲಿಲ್ಲ, ವಾರದ ದಿನಗಳಿಗೆ ಅನ್ಯದೇವತೆಗಳ ಹೆಸರು ಸಲ್ಲದೆಂದು ಮೊದಲನೆಯ ದಿನ, ಎರಡನೆಯ ದಿನ ಎಂದು ಎಣಿಸುತ್ತಿದ್ದರು. ವ್ಯವಹಾರವನ್ನು ನಡೆಸಲು ಊರಿಗೊಂದು ಮಾಸಿಕ ಸಭೆ, ಅದರ ಮೇಲೆ ತ್ರೈಮಾಸಿಕ ಸಭೆ, ಎಲ್ಲಕ್ಕೂ ಮೇಲೆ ವಾರ್ಷಿಕ ಸಭೆ. ಹೆಂಗಸರಿಗೆ ತಮ್ಮದೇ ವ್ಯವಹಾರ ಸಭೆಯಿತ್ತು, ಅದಕ್ಕೆ ಪ್ರತ್ಯೇಕ ನಡಾವಳಿ ಪುಸ್ತಕವಿತ್ತು.

ಊರು ಬಿಡುವ ಕುಟುಂಬವು ತನ್ನ ಸಭೆಯಿಂದ ಯೋಗ್ಯತಾಪತ್ರ ಪಡೆದು ಹೊಸ ಊರಿನ ಸಭೆಗೆ ಒಪ್ಪಿಸಬೇಕಾಗಿತ್ತು. ಕಾಡಿನ ನಡುವೆಯೂ ಈ ಪದ್ಧತಿ ತಪ್ಪಲಿಲ್ಲ. (ನಮ್ಮಲ್ಲಿ ಮನೆ ಬದಲಾಯಿಸಿದವರು ಹೊಸ ಧರ್ಮಕೇಂದ್ರದ ಗುರುಗಳನ್ನು ಕಾಣುವಷ್ಟರಲ್ಲಿ ಎರಡು ಕ್ರಿಸ್ಮಸ್ ಕಳೆದಿರುತ್ತವೆ.) ಉತ್ತರ ಕೆರೊಲಿನಾದ ಕೇನ್ ಕ್ರೀಕ್‌ನಲ್ಲಿ ನೆಲೆಸಿದವರಿಗೆ ಮಾಸಿಕ ಸಭೆ ಬೇಕೆಂದಾಗ, 1751ರಲ್ಲಿ ಅಬಿಗೇಲ್ ಪೈಕ್ ಮತ್ತು ರೇಚಲ್ ರೈಟ್ ಎಂಬ ಇಬ್ಬರು ಮಹಿಳೆಯರು ಸುಮಾರು 200 ಮೈಲು ಕುದುರೆಯ ಮೇಲೆ ಸಾಗಿ ಮೇಲಿನ ಸಭೆಯ ಅನುಮತಿ ಕೇಳಿದರು. ಆ ಶ್ರದ್ಧೆಗೆ ಯಾರು ತಾನೇ ತಲೆಬಾಗರು?

ಇಂಥ ಸಮುದಾಯವು ಎಲ್ಲ ವಿಷಯದಲ್ಲಿಯೂ ನಿಧಾನವಾಗಿತ್ತೇ? ಖಂಡಿತ ಇಲ್ಲ. ಅಮೆರಿಕದ ಗಡಿನಾಡಿನ ಕಥೆಗಳಿಗೆಲ್ಲ ನಾಯಕನಾದ ಡೇನಿಯಲ್ ಬೂನ್ 1734ರಲ್ಲಿ ಪೆನ್ಸಿಲ್ವೇನಿಯಾದ ಕ್ವೇಕರ್ ಮನೆಯಲ್ಲಿ ಹುಟ್ಟಿದವನು. ಅವನ ಅಕ್ಕ ಪಂಥದ ಹೊರಗಿನವನನ್ನು ಮದುವೆಯಾದಳು. ತಂದೆ ಸಭೆಯ ಮುಂದೆ ನಿಂತು ಕ್ಷಮೆ ಕೇಳಬೇಕಾಯಿತು. ಐದಾರು ವರ್ಷಗಳಲ್ಲಿ ಅಣ್ಣನೂ ಹಾಗೆಯೇ ಮಾಡಿದ. ಈ ಬಾರಿ ತಂದೆ ಕ್ಷಮೆ ಕೇಳಲು ಒಪ್ಪಲಿಲ್ಲ. 1748ರಲ್ಲಿ ಸಭೆ ಅವರನ್ನು ಹೊರಹಾಕಿತು. ಎರಡು ವರ್ಷಗಳಲ್ಲಿ ಆ ಕುಟುಂಬ ಊರನ್ನೇ ಬಿಟ್ಟು ಕೆರೊಲಿನಾದ ಕಡೆಗೆ ಹೊರಟಿತು. ಮಗ ಹೊರಗಿನವಳನ್ನು ಮದುವೆಯಾದದ್ದಕ್ಕೆ ತಂದೆಗೆ ಶಿಕ್ಷೆ! ಆಗ ಎಲ್ಲರ ಮನಸ್ಸು ಒಂದಾಗಲೆಂದು ದಶಕಗಟ್ಟಲೆ ಯಾರೂ ಕಾಯಲಿಲ್ಲ. ಅದೇ 1748ರಲ್ಲಿ ಅದೇ ವಾರ್ಷಿಕ ಸಭೆಯ ಅಧೀನದಲ್ಲಿ ಗುಲಾಮರನ್ನು ಕೊಂಡು ಇಟ್ಟುಕೊಂಡಿದ್ದ ಸದಸ್ಯರು ಬೆಂಚುಗಳ ಮೇಲೆ ಶಾಂತವಾಗಿ ಕಣ್ಣು ಮುಚ್ಚಿ ಕುಳಿತಿದ್ದರು. ಅವರ ವಿಷಯದಲ್ಲಿ ಮಾತ್ರ ಕಾಯಬೇಕಿತ್ತು.

ಎಂದಿನಿಂದ ಕಾಯುತ್ತಿದ್ದರು? 1688ರಿಂದ. ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್ ಆಗ ಐದು ವರ್ಷದ ಕೂಸು. ಯುರೋಪಿನಿಂದ ಹಡಗು ಹತ್ತಿ ಬಂದ ನಾಲ್ವರು, ಫ್ರಾನ್ಸಿಸ್ ಡೇನಿಯಲ್ ಪಾಸ್ಟೋರಿಯಸ್, ಗ್ಯಾರೆಟ್ ಹೆಂಡೆರಿಕ್ಸ್, ಡೆರಿಕ್ ಮತ್ತು ಅಬ್ರಹಾಂ ಓಪ್ ಡೆನ್ ಗ್ರೇಫ್, ಒಂದು ಮನವಿಯನ್ನು ಬರೆದು ಸಹಿ ಹಾಕಿದರು. ಸಮುದ್ರದಲ್ಲಿ ಬರುವಾಗ ತುರ್ಕರು ಹಿಡಿದು ಗುಲಾಮರನ್ನಾಗಿ ಮಾರಿಯಾರೆಂದು ನಾವೇ ನಡುಗಿದ್ದೆವು. ಈಗ ನಾವೇ ಕಪ್ಪುಜನರಿಗೆ ಅದನ್ನು ಮಾಡುವುದು ಹೇಗೆ, ನಮಗೆ ಬೇಡವಾದದ್ದನ್ನು ಪರರಿಗೆ ಮಾಡಬಹುದೇ ಎಂಬುದು ಅದರ ಸಾರ. ಇದಕ್ಕಿಂತ ನೇರವಾದ ಶುಭಸಂದೇಶ ಉಂಟೇ? ಮಾಸಿಕ ಸಭೆ ಅದನ್ನು ನೋಡಿ, ವಿಷಯ ನಮಗೆ ಮೀರಿದ ಭಾರದ್ದೆಂದು ತ್ರೈಮಾಸಿಕ ಸಭೆಗೆ ಕಳಿಸಿತು. ಅವರು ವಾರ್ಷಿಕ ಸಭೆಗೆ ಕಳಿಸಿದರು. ಬರ್ಲಿಂಗ್ಟನ್‌ನಲ್ಲಿ ಸೇರಿದ ಆ ಸಭೆ, ಈ ಬಗ್ಗೆ ತೀರ್ಪು ಕೊಡುವುದು ಉಚಿತವಲ್ಲವೆಂದು ಕಾಗದವನ್ನು ಬದಿಗಿಟ್ಟಿತು. ಪ್ರಾಂತ್ಯದ ಸ್ಥಾಪಕ ಪೆನ್ ಅವರ ಮನೆಯಲ್ಲಿಯೇ ಗುಲಾಮರಿದ್ದ ಕಾಲ ಅದು. ಕಾಗದ ಎಷ್ಟು ಚೆನ್ನಾಗಿ ಬದಿಗೆ ಸರಿಯಿತೆಂದರೆ, ಅದು ಮತ್ತೆ ಬೆಳಕಿಗೆ ಬಂದದ್ದು 1844ರಲ್ಲಿ.

ಗುಲಾಮರನ್ನು ಇಟ್ಟುಕೊಳ್ಳುವ ಸದಸ್ಯರನ್ನು ಹೊರಹಾಕಬೇಕೆಂದು ಫಿಲಡೆಲ್ಫಿಯಾದ ವಾರ್ಷಿಕ ಸಭೆ ನಿರ್ಧರಿಸಿದ್ದು 1776ರಲ್ಲಿ. ಎಂಬತ್ತೆಂಟು ವರ್ಷ! ನಡುವೆ ಏನೂ ನಡೆಯಲಿಲ್ಲವೆಂದು ನಾನು ಹೇಳುವುದಿಲ್ಲ. ಹೊಸ ಗುಲಾಮರನ್ನು ತರಿಸುವುದಕ್ಕೆ ಉತ್ತೇಜನ ಬೇಡವೆಂದು 1696ರಲ್ಲಿಯೇ ಬುದ್ಧಿಮಾತು ಹೇಳಲಾಗಿತ್ತು. ಬುದ್ಧಿಮಾತಿಗೆ ಖರ್ಚಿಲ್ಲವಷ್ಟೆ. ಆ ಅವಧಿಯಲ್ಲಿ ಹುಟ್ಟಿ, ಬೇರೆಯವರ ಹೊಲದಲ್ಲಿ ದುಡಿದು, ಮಕ್ಕಳನ್ನು ಹೆತ್ತು, ಆ ಮಕ್ಕಳೂ ಗುಲಾಮರಾದದ್ದನ್ನು ಕಂಡು ಸತ್ತವರ ಬಗ್ಗೆ ಒಮ್ಮೆ ಯೋಚಿಸಿರಿ. ಸಭೆಯ ಏಕಮನಸ್ಸಿಗಾಗಿ ಕಾದವರು ಬೆಂಚಿನ ಮೇಲೆ ಕುಳಿತು ಕಾದರು. ಅದರ ಬಾಡಿಗೆಯನ್ನು ಇವರು ಬೆನ್ನಿನಿಂದ ತೆತ್ತರು. ಅವರ ಮನಸ್ಸು ಒಂದಾಯಿತೇ ಎಂದು ಯಾರೂ ಕೇಳಲಿಲ್ಲ.

ಕಾಯಲಾರದವರಿಗೆ ಏನಾಯಿತು? ಬೆಂಜಮಿನ್ ಲೇ ಎಂಬವರಿದ್ದರು. ಎತ್ತರ ನಾಲ್ಕು ಅಡಿಯ ಆಸುಪಾಸು, ಬೆನ್ನು ಗೂನು. ಬಾರ್ಬಡೋಸ್ ದ್ವೀಪದಲ್ಲಿ ಗುಲಾಮರ ನರಕವನ್ನು ಕಣ್ಣಾರೆ ಕಂಡು ಬಂದವರು. 1738ರ ವಾರ್ಷಿಕ ಸಭೆಗೆ ಸೈನಿಕನ ಉಡುಪಿನ ಮೇಲೆ ದೊಡ್ಡ ಅಂಗಿ ಹೊದ್ದು ಬಂದು, ಪುಸ್ತಕವೊಂದನ್ನು ಎತ್ತಿ ಹಿಡಿದು ಕತ್ತಿಯಿಂದ ಇರಿದರು. ಪುಸ್ತಕದೊಳಗೆ ಅಡಗಿಸಿದ್ದ ಚೀಲದಿಂದ ಕೆಂಪು ಹಣ್ಣಿನ ರಸ ಚಿಮ್ಮಿ ಪಕ್ಕದಲ್ಲಿದ್ದವರ ಮೇಲೆ ರಕ್ತದಂತೆ ಸಿಡಿಯಿತು. ಸೌಜನ್ಯವಲ್ಲ, ಒಪ್ಪುತ್ತೇನೆ. ಯೆರೆಮೀಯ ಪ್ರವಾದಿ ಜನರೆದುರು ಮಡಕೆಯನ್ನು ಒಡೆದದ್ದೂ ಸೌಜನ್ಯವಾಗಿರಲಿಲ್ಲ. ಲೇ ಅವರನ್ನು ಅದೇ ವರ್ಷ ಹೊರಹಾಕಲಾಯಿತು. ಅಬಿಂಗ್ಟನ್ ಬಳಿ ಗುಹೆಯೊಂದನ್ನೇ ಮನೆ ಮಾಡಿಕೊಂಡು, ತಾವೇ ಬೆಳೆದದ್ದನ್ನು ಉಂಡು, ತಾವೇ ನೂತದ್ದನ್ನು ಉಟ್ಟು ಅವರು ಬದುಕಿದರು.

ಇಲ್ಲಿ ನಿಧಾನದ ವಕೀಲರು ಜಾನ್ ವೂಲ್ಮನ್ ಅವರನ್ನು ಮುಂದಕ್ಕೆ ತರುತ್ತಾರೆ. ಕೂಗಾಡದೆ ಗೆದ್ದವರು, ಮೃದುಭಾಷಿ, ಸಂತಸ್ವಭಾವದವರು ಎನ್ನುತ್ತಾರೆ. ಅವರು ಮೃದುಭಾಷಿಯೇ ಹೌದು. ಮಾತು ಮೃದುವಾಗಿತ್ತೆಂದು ಕೈ ಸುಮ್ಮನಿರಲಿಲ್ಲ. ನ್ಯೂಜೆರ್ಸಿಯ ಮೌಂಟ್ ಹಾಲಿಯಲ್ಲಿ ಅಂಗಡಿಯ ಗುಮಾಸ್ತರಾಗಿದ್ದ ತರುಣ ವೂಲ್ಮನ್‌ಗೆ ಒಂದು ದಿನ ಯಜಮಾನ ಕಪ್ಪು ಹೆಂಗಸೊಬ್ಬಳ ಕ್ರಯಪತ್ರ ಬರೆಯಲು ಹೇಳಿದ. ಕೊಳ್ಳುವವನು ಅವರದೇ ಪಂಥದ ಹಿರಿಯ. ಮನಸ್ಸಿಲ್ಲದೆ ಬರೆದುಕೊಟ್ಟರು, ಇದು ಕ್ರೈಸ್ತ ಧರ್ಮಕ್ಕೆ ಹೊಂದದ ಕೆಲಸವೆಂದು ಇಬ್ಬರ ಎದುರಿನಲ್ಲಿಯೇ ಹೇಳಿದರು. ಮುಂದೆ ಅಂಥ ಪತ್ರವನ್ನು ಬರೆಯಲೇ ಇಲ್ಲ. ಹಾಸಿಗೆ ಹಿಡಿದ ನೆರೆಯವನೊಬ್ಬನ ಉಯಿಲು ಬರೆಯುವಾಗ ಗುಲಾಮಳನ್ನು ಮಗನಿಗೆ ಬಿಡುವ ಸಾಲನ್ನು ಬಿಟ್ಟೇ ಬರೆದರು. ಮಾತುಕತೆಯಾಗಿ ಕೊನೆಗೆ ಅವಳನ್ನು ಬಿಡುಗಡೆ ಮಾಡಲು ಅವನು ಒಪ್ಪಿದ. ದಕ್ಷಿಣದ ಪ್ರಾಂತ್ಯಗಳಲ್ಲಿ ಸಂಚರಿಸುವಾಗ ಕ್ವೇಕರ್ ಮನೆಗಳಲ್ಲಿ ಗುಲಾಮರು ಬಡಿಸಿದ ಊಟವನ್ನು ಪುಕ್ಕಟೆಯಾಗಿ ಉಣ್ಣಲು ಮನಸ್ಸೊಪ್ಪದೆ, ಅವರ ದುಡಿಮೆಗೆಂದು ಹಣ ಇಟ್ಟು ಹೊರಡುತ್ತಿದ್ದರು. ಆತಿಥೇಯನ ಮುಖ ಹೇಗಾಗಿದ್ದೀತು, ಊಹಿಸಿಕೊಳ್ಳಿ! ಗುಲಾಮರು ಬೆಳೆದ ಕಬ್ಬಿನ ಸಕ್ಕರೆಯನ್ನೂ ಬಿಟ್ಟರು.

1758ರ ವಾರ್ಷಿಕ ಸಭೆಯಲ್ಲಿ ಇನ್ನೂ ಕಾಯೋಣ, ದೇವರು ದಾರಿ ತೆರೆಯಲಿ ಎಂಬ ಮಾತು ಬಂದಾಗ, ಇದು ತಡಮಾಡುವ ಕಾಲವಲ್ಲವೆಂದು ಎದ್ದುನಿಂತು ಎಚ್ಚರಿಸಿದವರು ಈ ಮೃದುಭಾಷಿಯೇ. ಅಂದು ಸಭೆ ಮಾಡಿದ ನಿರ್ಣಯವನ್ನು ಗಮನಿಸಿರಿ. ಗುಲಾಮರನ್ನು ಕೊಂಡು ಮಾರುವವರಿಗೆ ವ್ಯವಹಾರ ಸಭೆಗಳಲ್ಲಿ ಸ್ಥಾನವಿಲ್ಲ, ಅವರ ಕಾಣಿಕೆಯೂ ಬೇಡ. ಗುಲಾಮರಿರುವ ಪ್ರತಿಯೊಂದು ಮನೆಗೂ ಹೋಗಿ ಮಾತನಾಡಲು ವೂಲ್ಮನ್ ಮೊದಲಾದ ಐವರ ಸಮಿತಿ ನೇಮಕವಾಯಿತು. ಅವರು ಮನೆಮನೆಗೆ ಹೋದರು, ನೆಂಟರ ಮನೆಗೂ ಹೋದರು, ಸಿರಿವಂತರ ಮನೆಗೂ ಹೋದರು. ನಿಮ್ಮಲ್ಲಿ ಎಷ್ಟು ಜನ ಗುಲಾಮರು, ಎಂದು ಬಿಡುತ್ತೀರಿ ಎಂದು ಕೇಳಿದರು. ಸುದ್ದಿ ಗುಹೆಯಲ್ಲಿದ್ದ ಮುದುಕ ಲೇ ಅವರಿಗೆ ತಲುಪಿದಾಗ, ಇನ್ನು ನೆಮ್ಮದಿಯಾಗಿ ಸಾಯಬಲ್ಲೆನೆಂದು ದೇವರನ್ನು ಸ್ತುತಿಸಿದರೆಂದು ಹೇಳುತ್ತಾರೆ. ಮರುವರ್ಷವೇ ತೀರಿಕೊಂಡರು. ಹಾಗಾದರೆ ಎಂಬತ್ತೆಂಟು ವರ್ಷಗಳ ಗಂಟನ್ನು ಸಡಿಲಿಸಿದ್ದು ಮೌನವೇ, ಅಥವಾ ಮನೆ ಬಾಗಿಲು ತಟ್ಟಿದ ಪ್ರಶ್ನೆಯೇ?

ಆ ಪ್ರಶ್ನೆಗೆ ಉತ್ತರ ಕೊಟ್ಟವರು ನಷ್ಟವನ್ನೂ ಹೊತ್ತರು. ಉತ್ತರ ಕೆರೊಲಿನಾದಲ್ಲಿ ಗುಲಾಮರನ್ನು ಬಿಡಿಸುವುದು ಕಾನೂನಿನ ಪ್ರಕಾರ ಸುಲಭವಿರಲಿಲ್ಲ. ಕ್ವೇಕರರು ಬಿಡುಗಡೆ ಮಾಡಿದವರನ್ನು 1777ರ ಕಾನೂನಿನಂತೆ ಹಿಡಿದು ಮತ್ತೆ ಮಾರಲಾಯಿತು. ಕಡೆಗೆ 1808ರಿಂದ ವಾರ್ಷಿಕ ಸಭೆಯೇ ಕಾಗದದ ಮೇಲೆ ಅವರ ಒಡೆಯನಾಗಿ, ಅವರನ್ನು ನಿಜದಲ್ಲಿ ಸ್ವತಂತ್ರರಂತೆ ಬಾಳಲು ಬಿಟ್ಟು, ಗುಲಾಮಗಿರಿಯಿಲ್ಲದ ನಾಡಿಗೆ ಸಾಗಿಸುವ ಉಪಾಯ ಹೂಡಿತು. ಗುಲಾಮರ ನಾಡಿನಲ್ಲಿ ಮಕ್ಕಳನ್ನು ಬೆಳೆಸಲಾರೆವೆಂದು ಕುಟುಂಬಗಳು ಹದಮಾಡಿದ ಹೊಲವನ್ನು ಮಾರಿ, ಬಂಡಿ ಕಟ್ಟಿಕೊಂಡು ಬೆಟ್ಟ ದಾಟಿದವು. ದಕ್ಷಿಣ ಕೆರೊಲಿನಾದ ಬುಷ್ ರಿವರ್ ಎಂಬಲ್ಲಿನ ದೊಡ್ಡ ಸಭೆ ಕೆಲವೇ ವರ್ಷಗಳಲ್ಲಿ ಬರಿದಾಯಿತು. ಒಹಾಯೊದ ವೇನ್ಸ್‌ವಿಲ್‌ನಲ್ಲಿ 1803ರಲ್ಲಿ, ಇಂಡಿಯಾನಾದ ರಿಚ್ಮಂಡ್‌ನಲ್ಲಿ 1809ರಲ್ಲಿ ಹೊಸ ಮಾಸಿಕ ಸಭೆಗಳು ಹುಟ್ಟಿದವು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಲೇಖನಿಯನ್ನು ಕೆಳಗಿಡುತ್ತಿದ್ದೆ. ಆದರೆ ಗುಲಾಮಗಿರಿಯನ್ನು ತೊರೆದು ಬಂದವರ ಮಕ್ಕಳೇ ಇಂಡಿಯಾನಾದಲ್ಲಿ ಮತ್ತೆ ಕಾಯತೊಡಗಿದರು. ನ್ಯೂಪೋರ್ಟ್ ಎಂಬ ಹಳ್ಳಿಯಲ್ಲಿ ಲೀವೈ ಕಾಫಿನ್ ಮತ್ತು ಅವರ ಪತ್ನಿ ಕ್ಯಾಥರಿನ್ 1826ರಿಂದ ಇಪ್ಪತ್ತು ವರ್ಷ ತಮ್ಮ ಮನೆಯನ್ನು ತಪ್ಪಿಸಿಕೊಂಡು ಬಂದ ಗುಲಾಮರ ಆಶ್ರಯವಾಗಿಸಿದರು. ಆ ಮನೆಯನ್ನು ಹಾದುಹೋದವರು ಸುಮಾರು 2000 ಮಂದಿಯೆಂದು ಅಂದಾಜು. ಇಂಥವರ ಹೋರಾಟ ಸಭೆಯ ಹಿರಿಯರಿಗೆ ಅತಿಯೆನಿಸಿತು. ಹೊರಗಿನ ಸಂಘಗಳೊಡನೆ ಬೆರೆತು ಗುಲಾಮಗಿರಿಯ ವಿರುದ್ಧ ಕೂಗುವುದರಿಂದ ಸಭೆಯ ಶಾಂತಿ ಕೆಡುತ್ತದೆ ಎಂದರು. 1842ರ ಅಕ್ಟೋಬರಿನಲ್ಲಿ ವಾರ್ಷಿಕ ಸಭೆ ಕೂಡಿದ್ದ ವೇಳೆ ಕೆಂಟಕಿಯ ರಾಜಕಾರಣಿ ಹೆನ್ರಿ ಕ್ಲೇ ರಿಚ್ಮಂಡಿಗೆ ಬಂದರು. ಹೈರಂ ಮೆಂಡೆನ್‌ಹಾಲ್ ಎಂಬ ಕ್ವೇಕರ್ ಜನಸಂದಣಿಯ ನಡುವೆ ಅವರಿಗೆ ನಿಮ್ಮ ಗುಲಾಮರನ್ನು ಬಿಡಿ ಎಂಬ ಮನವಿ ಕೊಟ್ಟರು; ಮನೆಗೆ ಹೋಗಿ ನಿನ್ನ ಕೆಲಸ ನೋಡಿಕೋ ಎಂಬರ್ಥದ ಉತ್ತರ ಬಂತು. ಮರುದಿನ ಅದೇ ಕ್ಲೇ ಕ್ವೇಕರರ ಸಭಾಗೃಹದಲ್ಲಿ ಗೌರವದ ಆಸನದಲ್ಲಿ ಕುಳಿತಿದ್ದರು. ಅದೇ ವಾರ್ಷಿಕ ಸಭೆಯಲ್ಲಿ ಕಾಫಿನ್, ಚಾರ್ಲ್ಸ್ ಆಸ್ಬರ್ನ್ ಮೊದಲಾದವರನ್ನು ಸಭೆಯ ಜವಾಬ್ದಾರಿಗಳಿಂದ ತೆಗೆಯಲಾಯಿತು. ಗುಲಾಮರ ಒಡೆಯನಿಗೆ ಮಣೆ, ಗುಲಾಮರಿಗೆ ಅನ್ನವಿಟ್ಟವನಿಗೆ ಬಾಗಿಲು! 1843ರಲ್ಲಿ ಅವರು ಪ್ರತ್ಯೇಕ ವಾರ್ಷಿಕ ಸಭೆಯನ್ನೇ ಕಟ್ಟಿಕೊಂಡರು. ಆ ಒಡಕು 1857ರವರೆಗೆ ಉಳಿಯಿತು.

ಶಾಂತಿಪ್ರಿಯರೆಂಬ ಬಿರುದಿನ ಕೆಳಗೆ ಮುಚ್ಚಿಹೋದದ್ದು ಇನ್ನೂ ಇದೆ. ಫಿಲಡೆಲ್ಫಿಯಾದ ಸಭಾಗೃಹದಲ್ಲಿ ಕಪ್ಪುಜನರಿಗೆ ಬೇರೆಯೇ ಬೆಂಚು ಇತ್ತೆಂದು ಶಿಕ್ಷಕಿ ಸಾರಾ ಮ್ಯಾಪ್ಸ್ ಡಗ್ಲಸ್ ನೋವಿನಿಂದ ದಾಖಲಿಸಿದ್ದಾರೆ. ಅವರ ತಾಯಿ ಆ ಬೆಂಚಿನ ಮೇಲೆ ಒಬ್ಬರೇ ಕುಳಿತದ್ದುಂಟು. ಲೆನಾಪಿ ಜನಾಂಗದೊಡನೆ ಪೆನ್ ಬೆಳೆಸಿದ ಸ್ನೇಹವನ್ನು ಎಲ್ಲರೂ ಹೊಗಳುತ್ತಾರೆ. 1737ರಲ್ಲಿ ಅವರ ಮಕ್ಕಳೂ, ಕ್ವೇಕರನೇ ಆದ ಅಧಿಕಾರಿ ಜೇಮ್ಸ್ ಲೋಗನ್ ಕೂಡ, ಒಬ್ಬ ಮನುಷ್ಯ ಒಂದೂವರೆ ದಿನದಲ್ಲಿ ನಡೆಯುವಷ್ಟು ನೆಲ ಎಂಬ ಹಳೆಯ ಒಪ್ಪಂದವನ್ನು ಮುಂದಿಟ್ಟು, ದಾರಿ ಸವರಿಸಿ ಚುರುಕು ಕಾಲಿನವರನ್ನು ಓಡಿಸಿ, 60ಕ್ಕೂ ಹೆಚ್ಚು ಮೈಲು ಅಳೆದರು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಅದು. ನ್ಯಾಯಕ್ಕಾಗಿ ಹೇಳಬೇಕಾದ ಮಾತೂ ಇದೆ: 1756ರಲ್ಲಿ ಪ್ರಾಂತ್ಯವು ಮೂಲನಿವಾಸಿಗಳ ಮೇಲೆ ಯುದ್ಧ ಸಾರಿದಾಗ ಹಲವು ಕ್ವೇಕರರು ಶಾಸನಸಭೆಯ ಸ್ಥಾನಗಳನ್ನು ಬಿಟ್ಟು ಎದ್ದು ಬಂದರು.

ನಮ್ಮವರಲ್ಲದ ಪಂಥದ ಹುಳುಕುಗಳನ್ನು ಓದಿ ಕಥೋಲಿಕ ವಾಚಕರಾರೂ ಸಂತೋಷಪಡಬೇಕಾಗಿಲ್ಲ. ಕ್ವೇಕರರು ಗುಲಾಮರ ಒಡೆಯರನ್ನು ಹೊರಹಾಕಿ ಅರವತ್ತೆರಡು ವರ್ಷಗಳಾದ ಮೇಲೆ, 1838ರಲ್ಲಿ, ಪಕ್ಕದ ಮೇರಿಲ್ಯಾಂಡ್‌ನ ಯೇಸುಸಭೆಯ ಗುರುಗಳು ತಮ್ಮ ತೋಟಗಳಲ್ಲಿ ದುಡಿಯುತ್ತಿದ್ದ 272 ಮಂದಿ ಗುಲಾಮರನ್ನು 1,15,000 ಡಾಲರುಗಳಿಗೆ ಲೂಯಿಸಿಯಾನಾದ ತೋಟದ ಒಡೆಯರಿಗೆ ಮಾರಿದರು. ಆ ಜನ ನಮ್ಮದೇ ದೀಕ್ಷಾಸ್ನಾನ ಪಡೆದವರು, ನಮ್ಮದೇ ಜಪಸರ ಹಿಡಿದವರು. ಕುಟುಂಬಗಳನ್ನು ಅಗಲಿಸಬಾರದೆಂದು ರೋಮಿನಿಂದ ಮಹಾಧಿಪತಿಗಳು ವಿಧಿಸಿದ್ದ ಷರತ್ತನ್ನೂ ಪೂರ್ತಿಯಾಗಿ ಪಾಲಿಸಲಿಲ್ಲ. ಮರುವರ್ಷ ಪೋಪ್ ಹದಿನಾರನೆಯ ಗ್ರೆಗರಿ ಗುಲಾಮ ವ್ಯಾಪಾರವನ್ನು ಖಂಡಿಸಿದರು. ಹಡಗುಗಳು ಆಗಲೇ ಹೊರಟು ಹೋಗಿದ್ದವು. ಮಾರಿದ ಹಣದ ಒಂದು ಭಾಗ ಜಾರ್ಜ್‌ಟೌನ್ ವಿದ್ಯಾಲಯದ ಸಾಲಕ್ಕೆ ಸಂದಿತು. ಆ ವಿದ್ಯಾಲಯದಲ್ಲಿ ಮಾರಲ್ಪಟ್ಟವರ ವಂಶಜರೆದುರು ಯೇಸುಸಭೆ ಕ್ಷಮೆ ಕೇಳಿದ್ದು 2017ರಲ್ಲಿ.

ಅವಸರ ಮಾಡಿದರೆ ಸಮುದಾಯ ಒಡೆಯುತ್ತದೆ ಎಂಬುದು ಕೊನೆಯ ವಾದ. ಒಡೆಯುತ್ತದೆ, ನಿಜ; ಇಂಡಿಯಾನಾದಲ್ಲಿ ಒಡೆಯಿತು. ಆದರೆ ಒಡೆಯದೆ ಉಳಿದ ಸಮುದಾಯವೆಂದು ನಾವು ಯಾವುದನ್ನು ಕರೆಯುತ್ತೇವೆ? 1688ರಿಂದ 1776ರವರೆಗೆ ಸಭೆ ಒಂದಾಗಿತ್ತು ಎನ್ನುವವರು ಗುಲಾಮರನ್ನು ಆ ಲೆಕ್ಕಕ್ಕೆ ಸೇರಿಸಿಕೊಂಡಿಲ್ಲ. ಸೇರಿಸಿ ಎಣಿಸಿದರೆ ಅದು ಮೊದಲ ದಿನದಿಂದಲೂ ಒಡೆದೇ ಇತ್ತು. ಧರ್ಮಕೇಂದ್ರದ ಯಾವುದೇ ಸಭೆಯಲ್ಲಿ ಯಾರಾದರೂ ಎದ್ದು, ಇದು ಸೂಕ್ಷ್ಮ ವಿಷಯ, ಮುಂದಿನ ಬಾರಿ ನೋಡೋಣ ಎಂದಾಗ, ಆ ಮುಂದಿನ ಬಾರಿಯವರೆಗೆ ನೋವನ್ನು ಹೊರಬೇಕಾದವರು ಸಭೆಯಲ್ಲಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿರಿ. ಬಹಳ ಸಲ ಅವರಿಗೆ ಆಮಂತ್ರಣವೇ ಹೋಗಿರುವುದಿಲ್ಲ.

ಜರ್ಮನ್‌ಟೌನ್‌ನ ಆ ಕಾಗದ 1844ರಲ್ಲಿ ಸಿಕ್ಕಿ ಪುನಃ ಕಳೆದುಹೋಗಿ, 2005ರಲ್ಲಿ ಫಿಲಡೆಲ್ಫಿಯಾದ ಸಭಾಗೃಹವೊಂದರ ಭದ್ರಕೋಣೆಯಲ್ಲಿ ಜೀರ್ಣಾವಸ್ಥೆಯಲ್ಲಿ ದೊರೆಯಿತು. ಬೆಂಜಮಿನ್ ಲೇ ಅವರನ್ನು ಹೊರಹಾಕಿದ್ದ ಅಬಿಂಗ್ಟನ್ ಸಭೆ, ಅವರ ಮತ್ತು ಅವರ ಪತ್ನಿ ಸಾರಾ ಅವರ ಹೆಸರಿನಲ್ಲಿ ತನ್ನ ಸಮಾಧಿಭೂಮಿಯಲ್ಲಿ ಕಲ್ಲು ನೆಟ್ಟು, ಅವರು ತನ್ನವರೇ ಎಂದು ಒಪ್ಪಿಕೊಂಡಿತು. ಅದು 2018ರಲ್ಲಿ.